ತಾತನ ಕಾರಿನ ದೀಪಗಳು

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ದೊಡ್ಡವರು ಜಗಳವಾಡುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಅಕ್ಕಪಕ್ಕದ ಮನೆಗಳಲ್ಲಿ ಜಗಳವೆಂದರೆ ಪಾತ್ರೆ ಬೀಳುವ ಸದ್ದು, ಬೈಗುಳ, ಅಳು, ಆಮೇಲೆ ಎಲ್ಲರೂ ಕೂತು ಕಾಫಿ ಕುಡಿಯುವುದು. ನಮ್ಮಲ್ಲಿ ಜಗಳ ಶುರುವಾಯಿತೆಂದರೆ ನಡುಮನೆಯ ಗಡಿಯಾರದ ಸದ್ದು ಕೇಳಿಸತೊಡಗುತ್ತಿತ್ತು. ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟರೆ ಎಂಟು ದಿನ, ಅಮ್ಮ ಅಜ್ಜಿಯ ಜೊತೆ ಬಿಟ್ಟರೆ ಹದಿನೈದು ದಿನ. ಅಷ್ಟೂ ದಿನ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ನನ್ನದು. ಎರಡು ಮಾರು ದೂರದಲ್ಲಿ ಕೂತ ಮಗನಿಗೆ ಅಜ್ಜಿ ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದಳು:

"ಗಿರಿಜಾ, ನಿಮ್ಮಪ್ಪನಿಗೆ ಹೇಳಮ್ಮ, ಮುದ್ದೆ ಆರೋಗ್ತಿದೆ ಅಂತ."

ಅಪ್ಪನಿಗೆ ಅದು ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಹೇಳುವ ತನಕ ಏಳುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಜ್ಜಿ ಸೌಟಿನಿಂದ ಪಾತ್ರೆಯ ಅಂಚಿಗೆ ಒಂದು ಸಲ ತಟ್ಟಿದರೆ ಇನ್ನಷ್ಟು ಸಾರು ಬೇಕಾ ಎಂದರ್ಥ. ಅಪ್ಪ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಸಾಕು ಎಂದರ್ಥ. ಹೊರಗಿನವರು ಯಾರಾದರೂ ಬಂದರೆ ನಮ್ಮದು ತುಂಬ ಶಾಂತವಾದ ಮನೆ ಎಂದು ಹೊಗಳಿ ಹೋಗುತ್ತಿದ್ದರು. ಇದು ತಾತನ ಕಾಲದಿಂದ ಬಂದ ಅಭ್ಯಾಸ ಎಂದು ಅಮ್ಮ ಹೇಳುತ್ತಿದ್ದಳು. ತಾತ ಡಾಕ್ಟರಾಗಿದ್ದವರು, ನಾನು ಹುಟ್ಟುವ ಮುಂಚೆಯೇ ತೀರಿಕೊಂಡವರು. ಅವರ ಫೋಟೋ ನಡುಮನೆಯಲ್ಲಿತ್ತು, ಅವರ ಕಾರು ಹಿತ್ತಿಲ ಕೊಟ್ಟಿಗೆಯಲ್ಲಿತ್ತು.

ಕೊಟ್ಟಿಗೆಯಲ್ಲಿ ದನಗಳಿರಲಿಲ್ಲ. ಒಂದು ಕಾಲಕ್ಕೆ ಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರಂತೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ದೊಡ್ಡ ಚಂದ್ರಿಕೆಗಳು ಈಗ ಕೆಲಸವಿಲ್ಲದೆ ಗೋಡೆಗೆ ಒರಗಿದ್ದವು. ಅವುಗಳ ಎದುರಿಗೆ ಕಾರು. ಕಪ್ಪು ಬಣ್ಣ, ದುಂಡು ಬೆನ್ನು. ಹಡಗಿನಲ್ಲಿ ಬಂದದ್ದು, ಈ ತಾಲ್ಲೂಕಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಗಾಳಿ ಇಳಿದ ಟೈರುಗಳ ಮೇಲೆ ಅದು ಮಂಡಿಯೂರಿ ಕೂತಂತೆ ಕಾಣುತ್ತಿತ್ತು. ಮುಂದೆ ದೀಪಗಳಿರಬೇಕಾದ ಕಡೆ ಎರಡು ದುಂಡನೆಯ ತೂತು, ನನ್ನ ತಲೆ ಹಿಡಿಸುವಷ್ಟು ದೊಡ್ಡವು. ಬೀದಿಯ ತುಂಬ ಇದ್ದ ನೂಲು ಬಿಚ್ಚುವ ಮನೆಗಳಿಂದ ಬೆಂದ ಗೂಡಿನ ವಾಸನೆ ಬಂದು ಆ ಕೊಟ್ಟಿಗೆಯಲ್ಲಿ ಸೇರಿಕೊಂಡಿರುತ್ತಿತ್ತು. ಅಮ್ಮ ಸೌದೆ ತರಲು ಹೋದರೆ ಕಾರಿನ ಮುಂದೆ ಹಾಯುತ್ತಿರಲಿಲ್ಲ, ಹಿಂದಿನಿಂದ ಗೋಡೆಗೆ ಒತ್ತಿಕೊಂಡು ಬಳಸಿ ಬರುತ್ತಿದ್ದಳು. ದೀಪಗಳನ್ನು ಕಳ್ಳರು ಕದ್ದರು ಎಂದು ಅಜ್ಜಿ ಹೇಳಿದ್ದಳು. ಯಾವಾಗ, ಹೇಗೆ ಎಂದು ಕೇಳಿದರೆ ಎದ್ದು ಹೋಗುತ್ತಿದ್ದಳು.

ನನಗಾಗ ಹನ್ನೊಂದು ವರ್ಷ. ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಮನೆಯಲ್ಲಿ ಯಾರೂ ಕಾಣದೆ ಅಜ್ಜಿಯನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದೆ. ಕೊಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ಅಜ್ಜಿ ಕಾರಿನೊಳಗೆ ಕೂತಿದ್ದಳು. ಮುಂದಿನ ಸೀಟಿನಲ್ಲಿ, ಸ್ಟಿಯರಿಂಗಿನ ಪಕ್ಕದ ಜಾಗದಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು. ತುಟಿಗಳನ್ನು ಎಷ್ಟು ಬಿಗಿಯಾಗಿ ಮುಚ್ಚಿದ್ದಳೆಂದರೆ ಬಾಯಿಯಿದ್ದ ಕಡೆ ಬರೀ ಒಂದು ಗೆರೆಯಿತ್ತು. ಕಣ್ಣು ಮುಂದಿನ ಗೋಡೆಯ ಮೇಲೆ. ಎಲ್ಲಿಗೋ ಹೊರಟ ಕಾರಿನಲ್ಲಿ ಕೂತಿರುವವಳ ಹಾಗೆ ಆಗಾಗ ಕೊಂಚ ಅಲುಗುತ್ತಿದ್ದಳು. ನಾನು "ಅಜ್ಜಿ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆಯುವ ಧೈರ್ಯವಾಗದೆ ಜಗುಲಿಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಬಂದು ನನಗೆ ಚುರುಮುರಿ ಕಲಸಿಕೊಟ್ಟಳು.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಚಿಕ್ಕಂದಿನಲ್ಲಿ ಆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಹಳ್ಳಿಹಳ್ಳಿಗೆ ತಾತನ ಜೊತೆ ಹೋಗಿದ್ದವನು. ಕಾರು ನಿಂತಾಗ ಅವನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದ. ರಜಕ್ಕೆ ಬಂದು ನೋಡಿದರೆ ಕಾರು ಕೊಟ್ಟಿಗೆ ಸೇರಿತ್ತು. ನನಗೆ ಹನ್ನೊಂದಾದ ಆ ವರ್ಷ ಅವನಿಗೆ ಇದ್ದಕ್ಕಿದ್ದಂತೆ ಅದನ್ನು ಮತ್ತೆ ಓಡಿಸಬೇಕು ಅನ್ನಿಸಿತು. ಚಿಂತಾಮಣಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ರಹೀಂ ಸಾಬರನ್ನು ಕರೆತಂದ. ಅಜ್ಜಿ ಒಂದೇ ಮಾತು ಹೇಳಿದಳು:

"ಅದು ಹಂಗೇ ಇರ್ಲಿ ಕಣೋ. ಅದನ್ನ ಎಬ್ಬಿಸಬೇಡ."

ಅಪ್ಪ ನಕ್ಕ. ಅವತ್ತಿನಿಂದ ಅಜ್ಜಿ ಅವನ ಜೊತೆ ಮಾತು ಬಿಟ್ಟಳು. ಎಂಟು ದಿನವಾಯಿತು, ತಿಂಗಳಾಯಿತು, ಮಳೆಗಾಲ ಮುಗಿದು ಚಳಿ ಬಂತು. ಅಷ್ಟು ಉದ್ದದ ಮೌನವನ್ನು ನಾನು ಮೊದಲು ಕಂಡಿರಲಿಲ್ಲ.

ರಹೀಂ ಸಾಬರು ಭಾನುವಾರ ಭಾನುವಾರ ಬಂದು ಇಂಜಿನನ್ನು ಪೂರ್ತಿ ಬಿಚ್ಚಿ ಜೋಡಿಸಿದರು. ಹಳೇ ಕಾರನ್ನು ಮೊದಲಿನಂತೆ ಮಾಡುವುದೆಂದರೆ ಹೊಸದನ್ನು ಹಾಕುವುದಲ್ಲ, ಅದರದ್ದನ್ನೇ ಹುಡುಕಿ ತಂದು ಅದಕ್ಕೆ ಕೊಡುವುದು ಅನ್ನುತ್ತಿದ್ದರು. ಸೀಟಿನ ಸ್ಪ್ರಿಂಗು, ಬಾಗಿಲಿನ ಹಿಡಿ, ಹಾರನ್ನಿನ ರಬ್ಬರು, ಎಲ್ಲವೂ ಎಲ್ಲೆಲ್ಲಿಂದಲೋ ಬಂದವು. ದೀಪ ಮಾತ್ರ ಸಿಗಲಿಲ್ಲ. ಅಪ್ಪ ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಲ್ಲಿ ಅಲೆದ, ಚಿಂತಾಮಣಿ, ಗೌರಿಬಿದನೂರುಗಳ ಗುಜರಿ ಅಂಗಡಿಗಳಲ್ಲಿ ಕೂತೆದ್ದು ಬಂದ. ಒಮ್ಮೆ ಟ್ರ್ಯಾಕ್ಟರಿನ ದೀಪಗಳನ್ನು ತಂದು ಕೂರಿಸಿ ನೋಡಿದರು. ತೂತಿನೊಳಗೆ ಅವು ಚಿಕ್ಕದಾಗಿ, ಆಳಕ್ಕೆ ಹೂತು ಹೋಗಿ, ಕಾಯಿಲೆಯವರ ಕಣ್ಣಿನಂತೆ ಕಂಡವು. ಅಮ್ಮ ನೋಡಿ "ಅಯ್ಯೋ, ತೆಗೀರಿ ಅದನ್ನ" ಎಂದಳು. ತೆಗೆಯುವಾಗ ರಹೀಂ ಸಾಬರು ತೂತಿನೊಳಗೆ ತಲೆ ಹಾಕಿ ತುಂಬ ಹೊತ್ತು ನೋಡಿದರು.

"ಮೇಷ್ಟ್ರೇ, ಇದು ಕಳ್ಳರ ಕೆಲಸ ಅಲ್ಲ."

"ಯಾಕೆ?"

"ಕಳ್ಳ ಆದ್ರೆ ವೈರು ಕಿತ್ಕೊಂಡು ಓಡ್ತಾನೆ. ಇಲ್ನೋಡಿ, ಒಂದೊಂದು ವೈರಿನ ತುದಿಗೂ ಪಟ್ಟಿ ಸುತ್ತಿದ್ದಾರೆ. ಗಾಯಕ್ಕೆ ಕಟ್ಟೋ ಬ್ಯಾಂಡೇಜು."

ನಾನೂ ಬಗ್ಗಿ ನೋಡಿದೆ. ಮಾಸಿದ ಬಿಳಿ ಪಟ್ಟಿ, ಸುತ್ತು ಸುತ್ತಾಗಿ, ತುದಿಯನ್ನು ಒಳಗೆ ಸಿಕ್ಕಿಸಿ ನೀಟಾಗಿ ಕಟ್ಟಿತ್ತು. ಆ ಸಂಜೆಯೇ ಸೀಟಿನ ಕೆಳಗೆ ಗುಡಿಸುವಾಗ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಅಲುಗಿಸಿದರೆ ಗಲಗಲ ಅಂದಿತು. ಒಳಗೆ ದೀಪದ ಸ್ಕ್ರೂಗಳು, ಒಂದೂ ಕಳೆಯದೆ, ಹತ್ತಿಯಲ್ಲಿ ಸುತ್ತಿದ್ದವು. ಅಪ್ಪ ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಜ್ಜಿ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿ, "ಗಿರಿಜಾ, ದೀಪ ತೆಗೆದಿದ್ದು ತಾತನಾ ಅಂತ ಕೇಳು" ಎಂದ. ನಾನು ಕೇಳುವ ಮೊದಲೇ ಅಜ್ಜಿ ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋಗಿಬಿಟ್ಟಳು.

ಸಂಕ್ರಾಂತಿ ಕಳೆದ ಮೇಲೆ ರಹೀಂ ಸಾಬರು ಒಂದು ಸುದ್ದಿ ತಂದರು. ತೊಂಡೇಬಾವಿ ಕಡೆಗೆ ಹೋಗಿಬರುವ ಲಾರಿ ಡ್ರೈವರೊಬ್ಬ ಅಲ್ಲೊಂದು ಹಳ್ಳಿಯಲ್ಲಿ ಅಂಥ ದೀಪಗಳನ್ನು ನೋಡಿದ್ದನಂತೆ. ಕಾರಿನಲ್ಲಲ್ಲ, ಒಂದು ಮನೆಯ ಗೋಡೆಯಲ್ಲಿ. ಅಪ್ಪ ಶನಿವಾರ ಅರ್ಧ ದಿನದ ಶಾಲೆಗೂ ರಜ ಹಾಕಿ ಹೊರಟ. ಹಟ ಹಿಡಿದ ನನ್ನನ್ನೂ ಕರೆದುಕೊಂಡ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ತೊಂಡೇಬಾವಿಯಲ್ಲಿ ಇಳಿದು, ರೈಲು ಹಳಿ ದಾಟಿ ಮಣ್ಣುರಸ್ತೆಯಲ್ಲಿ ಅರ್ಧ ಗಂಟೆ ನಡೆದೆವು. ನೆತ್ತಿಯ ಮೇಲೆ ಸೂರ್ಯ. ರಸ್ತೆ ಒಂದು ಹುಣಸೇಮರದ ಹತ್ತಿರ ತಿರುಗುತ್ತಿತ್ತು. ತಿರುವಿಗೆ ಬಂದ ಕೂಡಲೆ ನಾನು ಅಪ್ಪನ ಕೈ ಹಿಡಿದುಕೊಂಡೆ. ಎದುರಿಗೆ ಮಣ್ಣಿನ ಗೋಡೆಯ ಒಂಟಿ ಮನೆ. ಬಾಗಿಲಿನ ಎಡಕ್ಕೊಂದು ಬಲಕ್ಕೊಂದು, ಗೋಡೆಯಲ್ಲಿ ಹುಗಿದ ಎರಡು ದೊಡ್ಡ ಬೆಳ್ಳಿಬಣ್ಣದ ಬಟ್ಟಲು. ಅಂಥ ಬಿಸಿಲಿನಲ್ಲೂ ಎರಡರೊಳಗೂ ದೀಪ ಉರಿಯುತ್ತಿತ್ತು. ಆ ಮನೆ ರಸ್ತೆಯನ್ನೇ ನೋಡಿಕೊಂಡು ಕೂತಿತ್ತು.

ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಕಡಲೆಕಾಯಿ ಸುಲಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಹೆಜ್ಜೆ ಸದ್ದಿಗೆ ತಲೆಯೆತ್ತಿ "ಎವರು? ಯಾರಪ್ಪಾ?" ಎಂದಳು. ಅಪ್ಪ, "ನಾವು ಶಿಡ್ಲಘಟ್ಟದಿಂದ ಬಂದಿದ್ದೀವಮ್ಮ" ಎಂದ. ಆಕೆಯ ಕೈ ನಿಂತಿತು.

"ಡಾಕ್ಟ್ರ ಗಂಟಲು ಇದ್ದಂಗಿದೆಯಲ್ಲಪ್ಪಾ."

"ಅವರ ಮಗ."

"ಮಗನಾ. ಜೊತೇಲಿ ಯಾರು? ಪುಟ್ಟ ಹೆಜ್ಜೆ."

"ನನ್ನ ಮಗಳು."

"ರಾ ತಲ್ಲಿ, ಬಾ. ಎಷ್ಟಮ್ಮ ವಯಸ್ಸು?"

ಹನ್ನೊಂದು ಎಂದೆ. ಆಕೆ ನನ್ನ ತಲೆ, ಜಡೆ, ಭುಜ ಎಲ್ಲವನ್ನೂ ನಿಧಾನವಾಗಿ ತಡವಿ, "ಅವಳೂ ಇಷ್ಟೇ ಎತ್ತರ" ಎಂದಳು. ಆಮೇಲೆ ನಮಗೆ ಚಾಪೆ ಹಾಸಿ, ಕಡಲೆಕಾಯಿ ಬೆಲ್ಲ ಕೊಟ್ಟು, ಬೇರೆ ಯಾರದ್ದೋ ಕತೆ ಎಂಬಂತೆ ಎಲ್ಲವನ್ನೂ ಹೇಳಿದಳು. ಆಕೆಯ ಹೆಸರು ಅಶ್ವತ್ಥಮ್ಮ. ರತ್ನ ಎಂಬ ಒಬ್ಬಳೇ ಮಗಳಿದ್ದಳು. ಒಂದು ಮುಸ್ಸಂಜೆ ಬಿಂದಿಗೆ ಹಿಡಿದು ನೀರಿಗೆ ಹೋದವಳಿಗೆ ಹುಣಸೇಮರದ ತಿರುವಿನಲ್ಲಿ ತಾತನ ಕಾರು ಬಡಿಯಿತು. ತಾತನೇ ಎತ್ತಿಕೊಂಡು ಈ ಮನೆಗೆ ತಂದರು. ಎಷ್ಟೊತ್ತು ಏನೇನು ಮಾಡಿದರೂ ಹುಡುಗಿ ಉಳಿಯಲಿಲ್ಲ.

"ನಾನು ಒಂದೇ ಮಾತು ಕೇಳಿದ್ದು ಕಣಪ್ಪಾ. ಇಷ್ಟು ದಪ್ಪ ದೀಪ ಇಟ್ಕೊಂಡು ಯಾಕೆ ಹಚ್ಚಲಿಲ್ಲ ಸ್ವಾಮಿ ಅಂತ. ಇನ್ನೂ ಬೆಳಕಿದೆ ಅನ್ಕೊಂಡೆ ಅಂದ್ರು. ಹನ್ನೊಂದನೇ ದಿನ ಮತ್ತೆ ಬಂದ್ರು, ಒಬ್ಬರೇ. ರಸ್ತೇಲಿ ಕೂತು ಎರಡೂ ದೀಪ ಬಿಚ್ಚಿದ್ರು. ತಂದು ನನ್ನ ಮುಂದೆ ಇಟ್ಟು ಹೋದ್ರು. ಅವತ್ತು ಅವರು ಹಚ್ಚಲಿಲ್ಲ, ಅದಕ್ಕೆ ನಾನು ದಿನಾ ಹಚ್ತೀನಿ. ಈಗ ಕಣ್ಣು ಕಾಣದೆ ಹೊತ್ತೂ ಗೊತ್ತಾಗಲ್ಲ, ಹಗಲೂ ಉರೀತಿರುತ್ತೆ."

ಅಪ್ಪ ಕೈಯಲ್ಲಿದ್ದ ಬೆಲ್ಲವನ್ನು ತಿನ್ನಲೂ ಆಗದೆ ಕೆಳಗಿಡಲೂ ಆಗದೆ ಕೂತಿದ್ದ. ಅಶ್ವತ್ಥಮ್ಮ ನನ್ನ ಕಡೆ ತಿರುಗಿ, "ಎಣ್ಣೆ ಮುಗೀತಾ ಬಂದಿರುತ್ತೆ, ಹಾಕ್ತೀಯೇನಮ್ಮ" ಎಂದು ಎಣ್ಣೆ ಗಿಂಡಿ ಕೊಟ್ಟಳು. ನಾನು ಹೋಗಿ ಎಡಗಡೆಯ ಬಟ್ಟಲಿನ ಮುಂದೆ ನಿಂತೆ. ಒರೆಸಿ ಒರೆಸಿ ಅದು ಕನ್ನಡಿಯಾಗಿತ್ತು. ಒಳಗೆ, ಹಣತೆಯ ಹಿಂದೆ, ಒಬ್ಬಳು ಹುಡುಗಿ ತಲೆಕೆಳಗಾಗಿ ನಿಂತು ನನ್ನನ್ನು ನೋಡುತ್ತಿದ್ದಳು. ಅವಳ ಕೈಯಲ್ಲೂ ಒಂದು ಪಾತ್ರೆಯಿತ್ತು. ನಾನು ಬಗ್ಗಿದರೆ ಅವಳು ಮೇಲೇರುತ್ತಿದ್ದಳು. ಗಿಂಡಿ ವಾಲಿ ಎಣ್ಣೆ ಗೋಡೆಯ ಮೇಲೆ ಹರಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಹೇಳಿದಾಗ ಅವನು ನಿಮ್ನ ದರ್ಪಣದ ಪಾಠ ಮಾಡಿದ, ಟಿಕೆಟಿನ ಹಿಂದೆ ಚಿತ್ರ ಬರೆದು ತೋರಿಸಿದ. ಪಾಠ ಅರ್ಥವಾಯಿತು. ಮುಂದೆ ನಾನೂ ಟೀಚರಾಗಿ ಅದೇ ಪಾಠವನ್ನು ಎಷ್ಟೋ ವರ್ಷ ಮಾಡಿದೆ. ಆದರೆ ಆ ಹುಡುಗಿಯ ತುಟಿ ಅಲುಗಿದ್ದು ಯಾಕೆ ಎಂಬುದು ಆ ಪಾಠದಲ್ಲಿಲ್ಲ. ನಾನು ಬಾಯಿ ತೆರೆದಿರಲಿಲ್ಲ.

ಅಪ್ಪ ದೀಪಗಳನ್ನು ಕೇಳಲಿಲ್ಲ. ಹೊರಡಲು ಎದ್ದಾಗ ಆಕೆಯೇ ಮಾತೆತ್ತಿದಳು.

"ಕಾರು ಎಬ್ಬಿಸಿದ್ದೀಯಾ?"

"ಹ್ಞೂಂ ಅಮ್ಮ."

"ಹಂಗಾದ್ರೆ ತಗೊಂಡೋಗು. ನಾನಿನ್ನೆಷ್ಟು ದಿನ ಹಚ್ಚಲಿ. ಉರಿಯೋ ಕಡೆ ಇರ್ಲಿ. ಒಂದ್ಸಲ ಹಚ್ಕೊಂಡು ಬಂದು ತೋರಿಸು, ಸಾಕು."

ದೀಪದ ಗಾಜುಗಳೂ ಅವನ್ನು ಹಿಡಿಯುವ ಲೋಹದ ಬಳೆಗಳೂ ಆಕೆಯ ಟ್ರಂಕಿನಲ್ಲಿ ಒಂದು ಪುಟ್ಟ ಲಂಗದಲ್ಲಿ ಸುತ್ತಿದ್ದವು. ಲಂಗವನ್ನು ತಾನಿಟ್ಟುಕೊಂಡು ಗಾಜು, ಬಳೆ ಕೊಟ್ಟಳು. ಅಪ್ಪ ಗೋಡೆಯಿಂದ ಬಟ್ಟಲುಗಳನ್ನು ಬಿಡಿಸಿ ಎಲ್ಲ ಕಟ್ಟಿಕೊಂಡ ಮೇಲೆ ಆಕೆ ಅವನ ಕೈ ಹಿಡಿದು ಕೇಳಿದಳು:

"ನಿಮ್ಮಮ್ಮ ಇದ್ದಾರಾ?"

"ಇದ್ದಾರೆ."

"ಮಾತಾಡ್ತಾರಾ?"

ಅದೆಂಥ ಪ್ರಶ್ನೆ ಎಂದು ನನಗೆ ಅರ್ಥವಾಗಲಿಲ್ಲ. ಅಪ್ಪನಿಗೂ ಆಗಿರಲಿಕ್ಕಿಲ್ಲ. ಆರು ತಿಂಗಳಿಂದ ತಾಯಿಯ ಬಾಯಿಂದ ಒಂದು ಮಾತು ಕೇಳದವನು "ಹ್ಞೂಂ, ಮಾತಾಡ್ತಾರೆ" ಎಂದ.

ಮನೆಗೆ ತಂದು ಜಗುಲಿಯ ಮೇಲೆ ಬಿಚ್ಚಿಟ್ಟಾಗ ಅಜ್ಜಿ ಹೊಸ್ತಿಲ ಒಳಗೇ ನಿಂತು ನೋಡಿದಳು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ಅಪ್ಪ ಹೇಳಲಿಲ್ಲ. ನನ್ನ ಮೂಲಕವೂ ಹೇಳಿಸಲಿಲ್ಲ. ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ಮರುದಿನ ರಹೀಂ ಸಾಬರು ಬಟ್ಟಲುಗಳ ಎಣ್ಣೆಜಿಡ್ಡು ತೆಗೆದು, ಒಳಗೆ ಬಲ್ಬು ಕೂರಿಸಿ, ವೈರುಗಳ ಪಟ್ಟಿ ಬಿಚ್ಚಿ, ಬೆಂಕಿಪೊಟ್ಟಣದ ಸ್ಕ್ರೂಗಳನ್ನು ಒಂದೊಂದಾಗಿ ಹಾಕಿದರು. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಕೆಲಸ ಮುಗಿದಾಗ ಮುಸ್ಸಂಜೆ. ಚಂದ್ರಿಕೆಗಳನ್ನೆಲ್ಲ ಹೊರಗೆ ಸಾಗಿಸಿದ್ದರಿಂದ ಎದುರಿನ ಗೋಡೆ ಬರಿದಾಗಿತ್ತು. ಅಪ್ಪ ಒಳಗೆ ಕೂತು ಸ್ವಿಚ್ಚು ಒತ್ತಿದ. ಹಳದಿ ಬೆಳಕು ದಪ್ಪಗೆ ಗೋಡೆಗೆ ಬಡಿಯಿತು. ಬೆಳಕಿನ ನಡುವೆ, ಗೋಡೆಗೆ ಬೆನ್ನು ಕೊಟ್ಟು, ಅಜ್ಜಿ ನಿಂತಿದ್ದಳು. ಯಾವಾಗ ಬಂದು ನಿಂತಿದ್ದಳೋ ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ರಹೀಂ ಸಾಬರು "ಯಾ ಅಲ್ಲಾ" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಆ ಬೆಳಕನ್ನು ನೇರವಾಗಿ ನೋಡುತ್ತ, ಆರು ತಿಂಗಳ ನಂತರ ಮೊದಲ ಸಲ, ಮಗನ ಜೊತೆ ಮಾತಾಡಿದಳು.

"ಹಿಂಗೇ ನಿಂತಿದ್ಳು ಕಣೋ."

"ಯಾರಮ್ಮ?"

"ಆ ಮಗು. ನಂಗೆ ಕಾಣಿಸ್ತು. ಅವರಿಗೆ ಕಾಣಿಸ್ಲಿಲ್ಲ."

ಅಪ್ಪ ಕಾರಿನಿಂದ ಇಳಿದ. ಇಳಿದವನು ಹತ್ತಿರ ಹೋಗಲಿಲ್ಲ, ಬಾಗಿಲು ಹಿಡಿದುಕೊಂಡೇ ನಿಂತ. ಅಜ್ಜಿ ಹೇಳುತ್ತಾ ಹೋದಳು. ಅವತ್ತು ತೊಂಡೇಬಾವಿ ಕಡೆ ಒಂದು ಮದುವೆ. ಮದುವೆಮನೆಯಲ್ಲಿ ತಾತನಿಗೂ ಅವಳಿಗೂ ಏನೋ ಮಾತು ಬೆಳೆಯಿತು.

"ಏನು ಅಂತ ಈಗ ನೆನಪೂ ಇಲ್ಲ. ಎಷ್ಟು ಯೋಚನೆ ಮಾಡಿದ್ರೂ ನೆನಪಾಗಲ್ಲ. ಮಾತು ಬಿಟ್ಟಿದ್ದೆ. ಕತ್ತಲಾಗ್ತಿದೆ, ದೀಪ ಹಾಕಿ ಅನ್ಬೇಕು ಅಂತ ಬಾಯಿತನಕ ಬಂತು. ಅಂದ್ರೆ ನಾನೇ ಮೊದಲು ಸೋತಂಗೆ ಅಂತ ಸುಮ್ಮನಿದ್ದೆ. ಆಮೇಲೆ ಮರದ ಕೆಳಗೆ ಅವಳು ಕಂಡ್ಳು. ಅವರಿಗೂ ಕಂಡಿರುತ್ತೆ ಅನ್ಕೊಂಡೆ."

ದೀಪ ಉರಿಯುತ್ತಲೇ ಇತ್ತು. ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ರಹೀಂ ಸಾಬರು ಕೈಯೊರೆಸಿಕೊಂಡು, "ಬ್ಯಾಟ್ರಿ ಇಳೀತದೆ ಮೇಷ್ಟ್ರೇ" ಎಂದು ಮೆಲ್ಲಗೆ ಸ್ವಿಚ್ಚು ಆರಿಸಿದರು. ಕತ್ತಲಲ್ಲಿ ಅಜ್ಜಿಯ ದನಿ ಮಾತ್ರ ಉಳಿಯಿತು.

"ಅವಳ ತಾಯಿ ಹತ್ರ ನನ್ನ ಕರ್ಕೊಂಡು ಹೋಗು."

ಮುಂದಿನ ಭಾನುವಾರ ಹೊರಟೆವು. ಅಪ್ಪ ಸ್ಟಿಯರಿಂಗಿಗೆ, ಪಕ್ಕದಲ್ಲಿ ಅಜ್ಜಿ, ಹಿಂದೆ ನಾನು. ಅಮ್ಮ ಬರುವುದಿಲ್ಲವೆಂದಳು. ಅಷ್ಟು ದೂರ ಅಜ್ಜಿ ಒಂದು ಮಾತೂ ಆಡಲಿಲ್ಲ, ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಹುಣಸೇಮರದ ತಿರುವಿನಲ್ಲಿ ಅಪ್ಪ ಕಾರನ್ನು ನಡಿಗೆಗಿಂತ ನಿಧಾನ ಮಾಡಿ ದೀಪ ಹಾಕಿದ. ಅಶ್ವತ್ಥಮ್ಮ ಇಂಜಿನ್ನಿನ ಸದ್ದಿಗೆ ಎದ್ದು ರಸ್ತೆಯ ನಡುವಿಗೆ ಬಂದು ನಿಂತಿದ್ದಳು. ಅವಳ ಮನೆಯ ಗೋಡೆಯಲ್ಲಿ ಬಟ್ಟಲುಗಳಿದ್ದ ಕಡೆ ಹಸಿ ಮಣ್ಣು ಮೆತ್ತಿತ್ತು. ಕಾರು ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವಳು ಗಾಳಿಯಲ್ಲಿ ಕೈಯಾಡಿಸುತ್ತ ಬಂದು ಒಂದು ದೀಪದ ಗಾಜಿನ ಮೇಲೆ ಅಂಗೈಯಿಟ್ಟಳು. ಆಮೇಲೆ ಇನ್ನೊಂದರ ಮೇಲೆ.

"ಬೆಚ್ಚಗಿದೆ" ಎಂದಳು.

ಅಜ್ಜಿ ಇಳಿದು ಹೋಗಿ ಎದುರಿಗೆ ನಿಂತು, ಕೊಟ್ಟಿಗೆಯಲ್ಲಿ ಹೇಳಿದ್ದನ್ನೇ ಹೇಳಿದಳು. ಅಶ್ವತ್ಥಮ್ಮ ಗಾಜಿನಿಂದ ಕೈ ತೆಗೆಯದೆ ಪೂರ್ತಿ ಕೇಳಿಸಿಕೊಂಡಳು.

"ನಂಗೊತ್ತು" ಎಂದಳು. "ದೀಪ ಬಿಚ್ಚೋಕೆ ಬಂದ ದಿನ ಡಾಕ್ಟ್ರು ಹೇಳಿದ್ರು. ಪಕ್ಕದಲ್ಲಿ ಕೂತಿದ್ದೋಳು ಉಸಿರು ಸರಕ್ಕಂತ ಒಳಗೆ ಎಳ್ಕೊಂಡ್ಳು, ನಂಗೆ ಕೇಳಿಸ್ತು, ಏನು ಅಂತ ನಾನು ಕೇಳಲಿಲ್ಲ ಅಂದ್ರು. ನಾನೂ ಮಾತು ಬಿಟ್ಟಿದ್ದೆ ತಾಯಿ ಅಂದ್ರು."

ಅಜ್ಜಿ ಹಾಗೇ ರಸ್ತೆಯ ಮಣ್ಣಿನಲ್ಲಿ ಕೂತುಬಿಟ್ಟಳು. ಅಪ್ಪ ಹಿಡಿಯಲು ಹೋದರೆ ಬೇಡವೆಂದು ಕೈಯಾಡಿಸಿದಳು.

"ಆಮೇಲೆ ಐದು ವರ್ಷ ಬದುಕಿದ್ರಲ್ಲ. ಒಂದೇ ಮನೇಲಿ ಇದ್ವಿ. ನಂಗೆ ಒಂದಿನ ಹೇಳಲಿಲ್ಲವಲ್ಲ."

"ನೀವು ಹೇಳಿದ್ರಾ?"

ಅಜ್ಜಿ ತಲೆ ಅಲ್ಲಾಡಿಸಿದಳು. ಅಶ್ವತ್ಥಮ್ಮನಿಗೆ ಅದು ಕಾಣುವಂತಿರಲಿಲ್ಲ. ಆದರೆ ಮತ್ತೆ ಕೇಳಲಿಲ್ಲ. ಅವಳೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಇಬ್ಬರು ಮುದುಕಿಯರು, ಉರಿಯುವ ಎರಡು ದೀಪಗಳ ಮುಂದೆ, ಬಿಸಿಲಿನಲ್ಲಿ. ಅಪ್ಪನೂ ನಾನೂ ಮರದ ಕೆಳಗೆ ನಿಂತಿದ್ದೆವು. ನೆರಳು ಉದ್ದವಾಗತೊಡಗಿದ ಮೇಲೆ ಅಶ್ವತ್ಥಮ್ಮ ಅಜ್ಜಿಯ ಭುಜ ಹಿಡಿದು ಮೇಲೆದ್ದಳು.

"ಅವರನ್ನೂ ಬೈದಿದ್ದೀನಿ, ನಿಮ್ಮನ್ನೂ ಬೈದಿದ್ದೀನಿ. ಬೈದು ಬೈದು ಸಾಕಾಯ್ತು. ಹೊತ್ತು ಇಳೀತಿದೆ, ಹೊರಡಿ. ದೀಪ ಹಾಕ್ಕೊಂಡು ಹೋಗಿ."

ಹೊರಟೆವು. ಮಣ್ಣುರಸ್ತೆ ಮುಗಿದು ಡಾಂಬರು ಬರುವ ತನಕ ಅಜ್ಜಿ ಸುಮ್ಮನಿದ್ದಳು. ನನಗೆ ಹಿಂದಿನಿಂದ ಅವಳ ತುರುಬು ಮಾತ್ರ ಕಾಣುತ್ತಿತ್ತು. ಇದ್ದಕ್ಕಿದ್ದಂತೆ, "ಎಮ್ಮೆ ಬರ್ತಿದೆ ನೋಡೋ" ಎಂದಳು. ಅಪ್ಪನಿಗೆ ಎಮ್ಮೆ ಕಂಡಿತ್ತು. ಆದರೂ "ಹ್ಞೂಂ ಅಮ್ಮ" ಎಂದ. "ಸೈಕಲ್ಲು. ಹಿಂದೆ ಹುಲ್ಲುಹೊರೆ ಇದೆ." "ಹ್ಞೂಂ ಅಮ್ಮ." "ಎಡಗಡೆ ಗುಂಡಿ. ಯಾರೋ ಹೆಂಗಸು ಮಗು ಎತ್ಕೊಂಡು ನಿಂತಿದ್ದಾಳೆ." "ನೋಡಿದೆ ಅಮ್ಮ." ಚಿಕ್ಕಬಳ್ಳಾಪುರ ದಾಟಿತು. ಪೂರ್ತಿ ಕತ್ತಲಾಯಿತು. ದೀಪದ ಬೆಳಕಿಗೆ ಸಿಕ್ಕಿದ ನಾಯಿ, ಮೈಲಿಗಲ್ಲು, ಎತ್ತಿನಗಾಡಿ, ರಸ್ತೆಗೆ ಬಾಗಿದ ಕೊಂಬೆ, ಎಲ್ಲದರ ಹೆಸರನ್ನೂ ಅಜ್ಜಿ ಒಂದೂ ಬಿಡದೆ ಹೇಳುತ್ತ ಬಂದಳು. ಅಪ್ಪ ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ಶಿಡ್ಲಘಟ್ಟದ ನಮ್ಮ ಬೀದಿಗೆ ಬರುವ ಹೊತ್ತಿಗೆ ಅವಳ ಗಂಟಲು ಒಡೆದು ದನಿಯೇ ಹೊರಡುತ್ತಿರಲಿಲ್ಲ. ಆದರೂ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ಕಂಡು ಬೆರಳು ತೋರಿಸಿ, ಗಾಳಿಯಂಥ ದನಿಯಲ್ಲಿ ಅಂದಳು:

"ನಿನ್ನ ಹೆಂಡ್ತಿ ನಿಂತಿದ್ದಾಳೆ. ನಿಧಾನ."